ತೋಪಿಗೆ ಒಂದೇ ಜಾತಿ ಮರ ಸಾಕೇ?

ಪ್ರಶ್ನೆ: ನಮ್ಮೂರ ಗುಂಡುತೋಪು ಎರಡು ಎಕರೆ ಇದೆ. ಹಳೇ ಹುಣಸೆ, ಹಿಪ್ಪೆ ನಾಲ್ಕೈದು ಉಳಿದಿವೆ, ಮಿಕ್ಕಿದ್ದು ಬಯಲು. ಈ ಮಳೆಗಾಲಕ್ಕೆ ಸಸಿ ಹಾಕೋಣ ಅಂತ ಊರವರು ಸೇರಿದ್ದೆವು. ಎಲ್ಲಾ ತೇಗ ಹಾಕಿ, ಮುಂದೆ ಊರಿಗೆ ದುಡ್ಡಾಗುತ್ತೆ ಅಂತ ಕೆಲವರು. ಎಲ್ಲಾ ಬೇವು ಹಾಕಿ, ನೀರು ಕೇಳಲ್ಲ ಅಂತ ಇನ್ನು ಕೆಲವರು. ಯಾರ ಮಾತು ಸರಿ ಸರ್?
– ಓದುಗರೊಬ್ಬರು, ನಾಗಮಂಗಲ ತಾಲ್ಲೂಕು

ಉತ್ತರ: ತೇಗವೂ ಇರಲಿ, ಬೇವೂ ಇರಲಿ. ಬರೀ ತೇಗ, ಬರೀ ಬೇವು ಮಾತ್ರ ಖಂಡಿತ ಬೇಡ.

ಬೇವಿನಿಂದಲೇ ಶುರು ಮಾಡೋಣ. ಮಳೆಗಾಲ ಮುಗಿಯುವ ಹೊತ್ತಿಗೆ ಬೇವಿನ ಕೊಂಬೆಗಳ ತುದಿ ಸುಟ್ಟ ಹಾಗೆ ಕಂದುಬಣ್ಣಕ್ಕೆ ತಿರುಗುವುದನ್ನು ನೀವೂ ನೋಡಿರಬೇಕು. ಅದು ಶಿಲೀಂಧ್ರದಿಂದ ಬರುವ ರೋಗ. ಮೈಸೂರು ವಿಶ್ವವಿದ್ಯಾಲಯದಲ್ಲೂ ಇದರ ಮೇಲೆ ಸಂಶೋಧನೆ ನಡೆದಿದೆ. ಬೇವು ಹೀಗೆ ಒಣಗಿ ನಿಂತಿರುವಾಗ ಪಕ್ಕದಲ್ಲೇ ಇರುವ ಹೊಂಗೆಗೆ ಏನೂ ಆಗಿರುವುದಿಲ್ಲ, ಹಸಿರಾಗೇ ಇರುತ್ತದೆ. ತೋಪಿನ ತುಂಬ ಬೇವೇ ಇದ್ದಿದ್ದರೆ ಆ ವರ್ಷ ಇಡೀ ತೋಪು ಸುಟ್ಟಂತೆ ಕಾಣುತ್ತಿತ್ತು, ಅಲ್ವಾ?

ಮಂಡ್ಯದವರಿಗೆ ಇದನ್ನು ತೆಂಗು ಆಗಲೇ ಕಲಿಸಿದೆ. 1998ರ ಸುಮಾರಿಗೆ ಕೇರಳದಲ್ಲಿ ಕಾಣಿಸಿಕೊಂಡ ನುಸಿ (ತೆಂಗಿನ ಎಳೆಗಾಯಿಯ ರಸ ಹೀರಿ ಹಾಳುಮಾಡುವ ಬಹಳ ಸಣ್ಣ ಪೀಡೆ) ಕೆಲವೇ ವರ್ಷಗಳಲ್ಲಿ ನಮ್ಮ ಕಡೆಯ ತೋಟಗಳಿಗೂ ಬಂತು. ತೆಂಗನ್ನೇ ನಂಬಿಕೊಂಡಿದ್ದ ಮನೆಗಳಿಗೆ ಆಗ ಎಷ್ಟು ಕಷ್ಟವಾಯಿತು ಅಂತ ಹಿರಿಯರನ್ನು ಕೇಳಿ.

ಇನ್ನು ನೀರಿನ ಮಾತು. ನಿಮ್ಮದು ಒಣ ತಾಲ್ಲೂಕು, ಮಳೆ ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇರುವುದಿಲ್ಲ. ಒಂದೇ ಜಾತಿಯ ಮರಗಳಾದರೆ ಎಲ್ಲವೂ ಹೆಚ್ಚುಕಮ್ಮಿ ಒಂದೇ ಆಳದಲ್ಲಿ, ಒಂದೇ ಕಾಲಕ್ಕೆ ನೀರು ಹೀರುತ್ತವೆ, ತಮ್ಮತಮ್ಮಲ್ಲೇ ಕಿತ್ತಾಡುತ್ತವೆ. ಬೇರೆ ಬೇರೆ ಜಾತಿ ಇದ್ದರೆ ಒಂದರ ಬೇರು ಮೇಲೆ, ಇನ್ನೊಂದರ ಬೇರು ಆಳದಲ್ಲಿ. ಆಳದ ಬೇರೇ ಒಳ್ಳೆಯದು ಅಂದುಕೊಳ್ಳಬೇಡಿ. ಒಂದು ವರ್ಷ ಮಳೆ ಕೈಕೊಟ್ಟರೆ ಆಳಕ್ಕೆ ಹೋದ ಮರಕ್ಕೆ ಅದು ಗೊತ್ತೇ ಆಗುವುದಿಲ್ಲ, ನಿಜ. ಆದರೆ ಮೂರ್ನಾಲ್ಕು ವರ್ಷ ಸಾಲಾಗಿ ಬರ ಬಂದು ಆಳದ ತೇವವೂ ಮುಗಿದರೆ ಅದು ಮತ್ತೆ ತುಂಬಲು ಬಹಳ ಕಾಲ ಬೇಕು. ಮೇಲೆ ಬೇರು ಹರಡಿದ ಮರ ಒಂದೆರಡು ಒಳ್ಳೆ ಮಳೆಗೇ ಚೇತರಿಸಿಕೊಳ್ಳುತ್ತದೆ. ಮುಂದೆ ಯಾವ ಥರದ ಬರ ಬರುತ್ತದೋ ಯಾರು ಕಂಡಿದ್ದಾರೆ? ಅದಕ್ಕೇ ಎರಡೂ ಥರದ ಮರ ಬೇಕು.

ಚೀನಾದ ಜಿಯಾಂಗ್‌ಶಿ ಪ್ರಾಂತ್ಯದಲ್ಲಿ ಇದನ್ನು ದೊಡ್ಡದಾಗಿ ಪರೀಕ್ಷೆ ಮಾಡಿದ್ದಾರೆ. ಕೆಲವು ತಾಕುಗಳಲ್ಲಿ ಒಂದೇ ಜಾತಿ, ಕೆಲವುಗಳಲ್ಲಿ 24 ಜಾತಿಗಳವರೆಗೆ ಬೆರೆಸಿ ನೆಟ್ಟರು. ಎಂಟು ವರ್ಷದ ಮೇಲೆ ನೋಡಿದರೆ 16 ಜಾತಿಯ ತಾಕುಗಳಲ್ಲಿ ಕೂಡಿಟ್ಟ ಇಂಗಾಲ ಒಂಟಿ ಜಾತಿಯ ತಾಕುಗಳ ಸರಾಸರಿಗಿಂತ ಎರಡು ಪಟ್ಟಿಗೂ ಜಾಸ್ತಿ ಇತ್ತು. ಅಂದರೆ ಮರಗಳು ಅಷ್ಟು ಚೆನ್ನಾಗಿ ಬೆಳೆದಿದ್ದವು. ಅಲ್ಲಿ ಮಳೆ ನಮಗಿಂತ ತುಂಬಾ ಹೆಚ್ಚು, ಅದೇ ಲೆಕ್ಕ ನಾಗಮಂಗಲಕ್ಕೆ ಹಾಕಲು ಬರುವುದಿಲ್ಲ. ಆದರೂ ಬೆರೆಸಿ ನೆಟ್ಟರೆ ಮರ ಸೊರಗುತ್ತದೆ ಎಂಬ ಭಯವನ್ನಂತೂ ಬಿಡಬಹುದು.

ಸಸಿ ತರುವ ಮೊದಲು ಒಂದು ದಿನ ಆದಿಚುಂಚನಗಿರಿಯ ನವಿಲುಧಾಮದ ಕಡೆ ಹೋಗಿ, ಯಾರೂ ನೀರು ಹಾಕದೆ ಏನೇನು ಬೆಳೆದಿದೆ ಅಂತ ನೋಡಿಕೊಂಡು ಬನ್ನಿ. ಹೊಂಗೆ, ಬೇವು, ನೇರಳೆ, ಅತ್ತಿ, ಕಕ್ಕೆ, ಮುತ್ತುಗ, ನೆಲ್ಲಿ ಬೆರೆಸಿ ಹಾಕಿ, ಅಂಚಿಗೆ ಬೇಕಾದರೆ ತೇಗ. ಒಂದು ಸಾಲು ಪೂರ್ತಿ ಒಂದೇ ಜಾತಿ ಬರದಂತೆ ನೆಡಿ. ಹಳೇ ಹಿಪ್ಪೆಗೆ ಮಾತ್ರ ದಯವಿಟ್ಟು ಕೊಡಲಿ ತಾಗಿಸಬೇಡಿ. ಅದಕ್ಕೆ ಬಾವಲಿಗಳು ಬರುತ್ತವೆ, ಬಂದಾಗ ಬೇರೆ ಮರಗಳ ಬೀಜವನ್ನೂ ತಂದು ಉದುರಿಸುತ್ತವೆ.

ಪ್ರಶ್ನೆ: ಮಾರ್ಚ್‌ನಲ್ಲಿ ಮಕ್ಕಳನ್ನು ನಾಗರಹೊಳೆಗೆ ಕರೆದುಕೊಂಡು ಹೋಗಿದ್ದೆ. ಮರಗಳಲ್ಲಿ ಎಲೆಯೇ ಇರಲಿಲ್ಲ. "ಟೀಚರ್, ಕಾಡು ಸತ್ತುಹೋಯ್ತಾ?" ಅಂತ ಒಬ್ಬ ಹುಡುಗ ಕೇಳಿದ. ಏನು ಹೇಳಲಿ?
– ಶಾಲಾ ಶಿಕ್ಷಕಿ, ಮೈಸೂರು

ಉತ್ತರ: ಸತ್ತಿಲ್ಲ ಟೀಚರ್, ನೀರು ಉಳಿಸಿಕೊಳ್ಳುತ್ತಿದೆ. ಎಲೆ ಇದ್ದಷ್ಟೂ ನೀರು ಆವಿಯಾಗಿ ಹೋಗುತ್ತದೆ, ಅದಕ್ಕೆ ತೇಗ, ದಿಂಡಿಗ, ಮತ್ತಿ ಎಲೆ ಉದುರಿಸಿ ನಿಲ್ಲುತ್ತವೆ. ಮತ್ತಿಯ ತೊಗಟೆ ಮೊಸಳೆ ಚರ್ಮದಂತೆ ದಪ್ಪ, ಸಣ್ಣಪುಟ್ಟ ಬೆಂಕಿಯನ್ನೂ ತಡೆದುಕೊಳ್ಳುತ್ತದೆ.

ಆದರೆ ಹುಡುಗನ ಪ್ರಶ್ನೆ ಸುಮ್ನೆ ಬಿಡುವಂಥದ್ದಲ್ಲ. ಹೆಬ್ಬಿದಿರು ಹಲವು ದಶಕಗಳಿಗೊಮ್ಮೆ ಹೂ ಬಿಟ್ಟು ಸಾಯುತ್ತದೆ. 2010ರ ನಂತರದ ವರ್ಷಗಳಲ್ಲಿ ನಾಗರಹೊಳೆಯಲ್ಲಿ ಹಾಗೇ ಆಯಿತು, ಮೆಳೆಮೆಳೆಗಳೇ ಒಣಗಿ ನಿಂತು ಬೆಂಕಿಗೆ ಸೌದೆಯಾದವು. ಅಷ್ಟಾದರೂ ಕಾಡು ಉಳಿದದ್ದು ಅಲ್ಲಿ ಬೇರೆ ಮರಗಳೂ ಇದ್ದವು ಅಂತ. ಬಂಡೀಪುರಕ್ಕೆ ತಾಗಿರುವ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ 50 ಹೆಕ್ಟೇರ್ ಕಾಡಿನ ಮರಗಳ ಲೆಕ್ಕ ಇಡುತ್ತಿದ್ದಾರೆ. ಅಲ್ಲಿಯೂ ಬರ, ಬೆಂಕಿ, ಆನೆ ಮೂರೂ ಒಂದೇ ಮರವನ್ನು ಕೊಲ್ಲುವುದಿಲ್ಲ. ಒಂದೊಂದಕ್ಕೆ ಒಂದೊಂದು ಜಾತಿ ಹೆಚ್ಚು ಬಲಿಯಾಗುತ್ತದೆ.

ಸಾಧ್ಯವಾದರೆ ಮೊದಲ ಮಳೆ ಬಿದ್ದು ಹದಿನೈದು ದಿನಕ್ಕೆ ಅದೇ ಹುಡುಗನನ್ನು ಅದೇ ಜಾಗಕ್ಕೆ ಕರೆದುಕೊಂಡು ಹೋಗಿ. ಯಾವ ಮರ ಮೊದಲು ಚಿಗುರಿತು, ಯಾವುದು ಇನ್ನೂ ಕಾಯುತ್ತಿದೆ ಅಂತ ಅವನೇ ಬರೆದುಕೊಳ್ಳಲಿ.