ಜರೀಗಿಡಕ್ಕೆ ಹೂವಿಲ್ಲ, ಆದರೂ ಅದು ಹಾವಸೆಯ ಗುಂಪಿಗೆ ಸೇರುವುದಿಲ್ಲ, ಯಾಕೆ?

ಜರೀಗಿಡಕ್ಕೆ ಹೂವೂ ಇಲ್ಲ, ಬೀಜವೂ ಇಲ್ಲ. ಹಾಗಿದ್ದರೂ ಅದನ್ನು ಹಾವಸೆಯ ಜೊತೆ ಬಿಟ್ಟು ಮರಗಿಡಗಳ ಜೊತೆ ಯಾಕೆ ಸೇರಿಸುತ್ತಾರೆ ಅಂತ ಕೇಳಿದ್ದೀರಿ. ಕಾರಣ ಅದರ ದಂಟಿನೊಳಗಿದೆ. ಎಲೆಯ ದಂಟನ್ನು ಅಡ್ಡ ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿ. ಚುಕ್ಕೆಗಳೋ ಬಾಗಿದ ಗೆರೆಗಳೋ ಕಾಣುತ್ತವೆ. ಅವೇ ನಾಳಗಳ ಕಟ್ಟು. ಅಲ್ಲಿರುವ ಕ್ಸೈಲಮ್ ಬೇರಿನಿಂದ ನೀರನ್ನು ಮೇಲೆತ್ತುತ್ತದೆ, ಫ್ಲೋಯಮ್ ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಹಂಚುತ್ತದೆ. ಕ್ಸೈಲಮ್‌ನ ಗೋಡೆಗಳಲ್ಲಿ ಲಿಗ್ನಿನ್ ಎಂಬ ಗಟ್ಟಿ ವಸ್ತು ಇರುವುದರಿಂದ ಗಿಡ ನೆಟ್ಟಗೆ ನಿಲ್ಲುತ್ತದೆ. ಹಾವಸೆಗೆ ಲಿಗ್ನಿನ್ ಇರುವ ನಾಳವಿಲ್ಲ, ನಿಜವಾದ ಬೇರೂ ಇಲ್ಲ. ಹಾಗಾಗಿ ಅದು ಗಿಡ್ಡವಾಗೇ ಉಳಿಯುತ್ತದೆ. ಮರಜರೀಗಳಲ್ಲಿ ಕೆಲವು 20 ಮೀಟರ್‌ವರೆಗೂ ಬೆಳೆಯುತ್ತವೆ!

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗುವುದು ಅದು ಸಂತಾನ ಬೆಳೆಸುವ ರೀತಿ. ಎಲೆಯ ಅಡಿಯಲ್ಲಿ ಸಾಲಾಗಿ ಕಂದು ಚುಕ್ಕೆಗಳಿರುತ್ತವೆ, ಅಲ್ವಾ? ಎಷ್ಟೋ ಜನ ಅದನ್ನು ಹುಳದ ಕಾಟ ಎಂದುಕೊಂಡು ಕೆರೆದು ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅವು ಬೀಜಕಗಳ ಚೀಲಗಳ ಗುಂಪು. ಬೀಜಕ ಅಂದರೆ ಬೀಜವಲ್ಲ, ಜರೀ ಹರಡಲು ಬಿಡುವ ಧೂಳಿನಂಥ ಸಣ್ಣ ಕಣ (ಸ್ಪೋರ್). ಬಹುತೇಕ ಜರೀಗಳಲ್ಲಿ ಪ್ರತಿ ಚೀಲದ ಬೆನ್ನಿಗೆ ದಪ್ಪ ಗೋಡೆಯ ಕೋಶಗಳ ಒಂದು ಪಟ್ಟಿ ಇರುತ್ತದೆ. ಆ ಕೋಶಗಳ ನೀರು ಆರಿದಂತೆ ಪಟ್ಟಿ ಹಿಂದಕ್ಕೆ ಬಾಗಿ ಚೀಲ ಬಿರಿಯುತ್ತದೆ. ಎಳೆತ ಮಿತಿ ಮೀರಿದಾಗ ಕೋಶಗಳೊಳಗೆ ಗುಳ್ಳೆ ಹುಟ್ಟಿ, ಪಟ್ಟಿ ಒಮ್ಮೆಲೇ ಮುಂದಕ್ಕೆ ಹಾರುತ್ತದೆ. ಬೀಜಕಗಳು ಕವಣೆಯಿಂದ ಬಿಟ್ಟ ಹಾಗೆ ಚಿಮ್ಮುತ್ತವೆ.

ಆದರೆ ಬೀಜಕದಿಂದ ನೇರವಾಗಿ ಜರೀಗಿಡ ಹುಟ್ಟುವುದಿಲ್ಲ. ಮೊದಲು ಉಗುರಿಗಿಂತ ಚಿಕ್ಕದಾದ, ಹಲವು ಸಲ ಹೃದಯದ ಆಕಾರದ, ತೆಳು ಹಸಿರು ಸಸಿಯೊಂದು ಬೆಳೆಯುತ್ತದೆ. ಅದಕ್ಕೆ ಪ್ರೋಥ್ಯಾಲಸ್ ಎಂದು ಹೆಸರು. ಅದು ತನ್ನ ಆಹಾರ ತಾನೇ ಮಾಡಿಕೊಳ್ಳುವ ಬೇರೆಯೇ ಗಿಡ. ಸಾಮಾನ್ಯವಾಗಿ ಅದಕ್ಕೆ ನಾಳವಿಲ್ಲ, ಬೇರಿಲ್ಲ. ಗಂಡು ಕೋಶ ಮತ್ತು ಅಂಡ ಹುಟ್ಟುವುದು ಅದರಲ್ಲೇ. ಗಂಡು ಕೋಶಕ್ಕೆ ಈಜುವ ಎಳೆಗಳಿವೆ. ನೀರಿನ ತೆಳು ಪದರವಾದರೂ ಇದ್ದರೆ ಮಾತ್ರ ಅದು ಅಂಡವನ್ನು ಮುಟ್ಟಬಲ್ಲದು. ದೊಡ್ಡ ಗಿಡ ನಾಳಗಳ ಬಲದಿಂದ ನೆಲದ ಬದುಕಿಗೆ ಸಜ್ಜಾಗಿದ್ದರೂ ಸಂತಾನಕ್ಕೆ ಇನ್ನೂ ನೀರನ್ನೇ ನಂಬಿದೆ. ಜರೀಗಳು ತೇವದ ಜಾಗದಲ್ಲೇ ಹೆಚ್ಚಾಗಿ ಕಾಣಲು ಇದೂ ಒಂದು ಕಾರಣ.

ಈ ಎರಡು ಹಂತಗಳ ಬದುಕನ್ನು 1851ರಲ್ಲಿ ಸ್ಪಷ್ಟವಾಗಿ ವಿವರಿಸಿದವರು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಹಾಫ್‌ಮೈಸ್ಟರ್. ಹಾವಸೆಯಲ್ಲೂ ಎರಡು ಹಂತಗಳಿವೆ, ಆದರೆ ಅಲ್ಲಿ ಬೀಜಕ ಬಿಡುವ ಹಂತ ಕೊನೆಯವರೆಗೂ ತಾಯಿಗಿಡದ ಮೇಲೇ ನಿಂತಿರುತ್ತದೆ. ಜರೀಯಲ್ಲಿ ಅದೇ ಹಂತ ಬೇರು ಬಿಟ್ಟು ಸ್ವಂತವಾಗಿ ಬದುಕುತ್ತದೆ. ಹಾಗಾಗಿ ಹೂವಿಲ್ಲದಿದ್ದರೂ ಜರೀ ಹಾವಸೆಗಿಂತ ಹೂಗಿಡಗಳಿಗೇ ಹತ್ತಿರದ ನೆಂಟ.