ಗೇಟಿಗೆ ಯಾರು ಬಂದರು? ಮಹಡಿಯ ಟಿವಿಯಲ್ಲೇ ನೋಡಿ

ಪ್ರಶ್ನೆ: ನಮ್ಮ ಮನೆಗೆ 4 ಕ್ಯಾಮೆರಾ ಹಾಕಿಸಿದ್ದೇವೆ. ರೆಕಾರ್ಡರ್, ಮಾನಿಟರ್ ಎರಡೂ ಕೆಳಗೆ ಹಾಲ್‌ನಲ್ಲಿವೆ. ಅಮ್ಮ ಇರುವುದು ಮಹಡಿಯ ಕೋಣೆಯಲ್ಲಿ, ಹಗಲು ಒಬ್ಬರೇ. ಬೆಲ್ ಆದಾಗೆಲ್ಲ ಮಂಡಿ ನೋವಿನಲ್ಲೇ ಮೆಟ್ಟಿಲಿಳಿದು ಬಂದು ನೋಡುತ್ತಾರೆ. ಫೋನಿನ ಆ್ಯಪ್ ಅವರಿಗೆ ಒಗ್ಗಲಿಲ್ಲ. ಅವರ ಕೋಣೆಯ ಟಿವಿಯಲ್ಲೇ ಗೇಟ್ ಕಾಣುವಂತೆ ಮಾಡಬಹುದಾ? ಕ್ಯಾಮೆರಾ ಹಾಕಿದವರು ಅದಕ್ಕೆ ಇನ್ನೊಂದು ರೆಕಾರ್ಡರ್ ಬೇಕು ಅಂದರು.

ಉತ್ತರ: ಇನ್ನೊಂದು ರೆಕಾರ್ಡರ್ ಬೇಡ. ಚಿತ್ರ ಈಗಾಗಲೇ ಮನೆಯೊಳಗೇ ಇದೆ, ಅದನ್ನು ಮೇಲಕ್ಕೆ ಒಯ್ಯುವ ದಾರಿ ಮಾಡಿಕೊಂಡರೆ ಸಾಕು. ವೈರ್ ಎಳೆಯಬಹುದು, ಇಲ್ಲವೇ ಮನೆಯ ನೆಟ್‌ವರ್ಕ್ ಮೂಲಕ ಕಳಿಸಬಹುದು.

ಯಾವುದು ಒಳ್ಳೆಯದು ಎನ್ನುವುದು ನೋಡುವವರು ಯಾರು ಎಂಬುದರ ಮೇಲೆ ನಿಂತಿದೆ. ಟಿವಿಯಲ್ಲಿ ಆ್ಯಪ್ ಹುಡುಕಿ ತೆರೆಯುವುದು ನಿಮಗೆ ಸಲೀಸು. ಅಮ್ಮನಿಗೆ ರಿಮೋಟಿನ ಒಂದೆರಡು ಬಟನ್ ಒತ್ತಿದ ತಕ್ಷಣ ಗೇಟ್ ಕಾಣಬೇಕು. ಅದಕ್ಕಿಂತ ಜಾಸ್ತಿ ಕೆಲಸ ಇಟ್ಟರೆ ಒಂದು ವಾರ ನೋಡುತ್ತಾರೆ, ಆಮೇಲೆ ಮತ್ತೆ ಮೆಟ್ಟಿಲಿಳಿಯುತ್ತಾರೆ. ಹಾಗಾಗಿ ನಿಮ್ಮ ಮನೆಗೆ ವೈರೇ ಸರಿ ಅಂತ ನನ್ನ ಲೆಕ್ಕ.

ಮೊದಲು ರೆಕಾರ್ಡರಿನ ಹಿಂಭಾಗ ನೋಡಿ. ಒಂದು ಎಚ್‌ಡಿಎಂಐ ಪೋರ್ಟ್ ಇರುತ್ತದೆ, ಹೆಚ್ಚಿನವುಗಳಲ್ಲಿ ಅದರ ಪಕ್ಕ 15 ತೂತಿನ ವಿಜಿಎ ಪೋರ್ಟೂ ಇರುತ್ತದೆ. ಸಣ್ಣ ರೆಕಾರ್ಡರುಗಳಲ್ಲಿ ಸಾಮಾನ್ಯವಾಗಿ ಎರಡರಲ್ಲೂ ಒಂದೇ ಚಿತ್ರ ಒಟ್ಟಿಗೇ ಬರುತ್ತದೆ. ಕೆಳಗಿನ ಮಾನಿಟರಿಗೆ ವಿಜಿಎ ಇದ್ದರೆ ಅದನ್ನು ಅಲ್ಲಿಗೆ ಹಾಕಿ, ಎಚ್‌ಡಿಎಂಐ ಅನ್ನು ಅಮ್ಮನ ಟಿವಿಗೆ ಬಿಟ್ಟುಕೊಡಿ. ಇಲ್ಲದಿದ್ದರೆ ಒಂದು ಎಚ್‌ಡಿಎಂಐ ಸ್ಪ್ಲಿಟರ್ ತನ್ನಿ. ಕೊಳ್ಳುವಾಗ ಹುಷಾರು. ನೋಡಲು ಹಾಗೇ ಇರುವ ‘ಸ್ವಿಚ್’ ಎಂಬ ಡಬ್ಬಿಯೂ ಉಂಟು. ಅದು ಎರಡು ಯಂತ್ರಗಳನ್ನು ಒಂದು ಟಿವಿಗೆ ಸೇರಿಸುವಂಥದ್ದು. ನಿಮಗೆ ಬೇಕಾದುದು ಅದರ ಉಲ್ಟಾ: ಯಂತ್ರ ಒಂದು, ಪರದೆ ಎರಡು.

ಇನ್ನು ದೂರ. ಸಾಮಾನ್ಯ ಎಚ್‌ಡಿಎಂಐ ಕೇಬಲ್ ಅನ್ನು 10 ಮೀಟರ್ ತನಕ ನಂಬಬಹುದು. ಅಳೆಯುವಾಗ ನೇರಾನೇರ ಅಳೆಯಬೇಡಿ. ಗೋಡೆ ಹತ್ತಿ, ಮೂಲೆ ತಿರುಗಿ, ಟಿವಿಯ ಹಿಂದಕ್ಕೆ ಇಳಿಯುವ ಅಷ್ಟೂ ದಾರಿ ಅಳೆಯಿರಿ. ಮಹಡಿ ದಾಟುವಷ್ಟರಲ್ಲಿ 10 ಮೀಟರ್ ಆರಾಮಾಗಿ ಮುಗಿದುಹೋಗುತ್ತದೆ. ಅದಕ್ಕೂ ದೂರ ಅಂದರೆ ಎಚ್‌ಡಿಎಂಐ ಎಕ್ಸ್‌ಟೆಂಡರ್ ಬೇಕು. ಎರಡು ಪುಟ್ಟ ಡಬ್ಬಿಗಳ ಜೋಡಿ ಅದು. ಒಂದು ರೆಕಾರ್ಡರ್ ಹತ್ತಿರ, ಇನ್ನೊಂದು ಟಿವಿ ಹಿಂದೆ, ನಡುವೆ ಒಂದು ಕ್ಯಾಟ್ 6 ಕೇಬಲ್ (ಲ್ಯಾನ್ ಕೇಬಲ್‌ನ ಒಂದು ಬಗೆ). ಸಾಧಾರಣ ಜೋಡಿಗಳೇ 1080ಪಿ (ಫುಲ್ ಎಚ್‌ಡಿ) ಚಿತ್ರವನ್ನು 50 ಮೀಟರ್ ಆಸುಪಾಸು ಒಯ್ಯುತ್ತವೆ.

ಕೇಬಲ್ ಪೂರ್ತಿ ತಾಮ್ರದ್ದೇ ಇರಲಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ದೂರ ಹೆಚ್ಚಿದಂತೆ ಚಿತ್ರ ಮಿನುಗಲು ಶುರು ಮಾಡುತ್ತದೆ. ಕರೆಂಟ್ ವೈರ್ ಇರುವ ಪೈಪಿನೊಳಗೇ ಇದನ್ನೂ ತುರುಕಬೇಡಿ. ಇನ್ನೊಂದು ವಿಷಯ, ನೋಡಲು ಲ್ಯಾನ್ ಕೇಬಲ್ ತರಹವೇ ಇದ್ದರೂ ಈ ಮಾದರಿಯಲ್ಲಿ ಓಡುವುದು ನೆಟ್‌ವರ್ಕ್ ಅಲ್ಲ. ನಡುವೆ ರೂಟರಿಗೆ ಚುಚ್ಚಿದರೆ ಏನೂ ಬರುವುದಿಲ್ಲ. ಡಬ್ಬಿಯಿಂದ ಡಬ್ಬಿಗೆ ನೇರ ಹೋಗಬೇಕು.

ಗೋಡೆ ಕೊರೆಯುವ ಮೊದಲು ಎಲ್ಲವನ್ನೂ ನೆಲದ ಮೇಲೆ ಹರಡಿ ಒಮ್ಮೆ ಜೋಡಿಸಿ ನೋಡಿ. ನಾನು ಈ ಪಾಠ ಕಲಿತದ್ದು ಸಂಬಂಧಿಕರ ಮನೆಯಲ್ಲಿ. ವೈರ್ ಎಳೆದು, ಕ್ಲಿಪ್ ಹೊಡೆದು, ಟಿವಿ ಹಾಕಿದರೆ ಕಪ್ಪು ಪರದೆ. ಎರಡು ಗಂಟೆ ಕೇಬಲ್ಲನ್ನು ಬೈದದ್ದೇ ಬಂತು. ಕೊನೆಗೆ ನೋಡಿದರೆ ರೆಕಾರ್ಡರಿನ ಡಿಸ್‌ಪ್ಲೇ ಸೆಟ್ಟಿಂಗ್ 4ಕೆಯಲ್ಲಿ ಕೂತಿತ್ತು, ಕೋಣೆಯ ಹಳೇ ಟಿವಿಗೆ 4ಕೆ ಗೊತ್ತೇ ಇರಲಿಲ್ಲ. 1080ಪಿಗೆ ಇಳಿಸಿದ ಮರುಕ್ಷಣ ಗೇಟ್ ಬಂತು. ನೀವು ಮೊದಲೇ ಇಳಿಸಿಡಿ. ಕೆಳಗಿನ ಮಾನಿಟರ್ ನೋಡುತ್ತಾ ಬದಲಿಸುವುದು ಸುಲಭ, ಕಪ್ಪು ಪರದೆ ನೋಡುತ್ತಾ ಬದಲಿಸಲು ಆಗುವುದಿಲ್ಲ, ಅಲ್ವಾ?

ಟಿವಿಯಲ್ಲಿ ಆ ಇನ್‌ಪುಟ್‌ನ ಹೆಸರು ಬದಲಿಸುವ ಸೌಲಭ್ಯ ಇದ್ದರೆ ‘ಎಚ್‌ಡಿಎಂಐ 2’ ಇರುವಲ್ಲಿ ‘ಗೇಟ್’ ಎಂದು ಬರೆಯಿರಿ. ರೆಕಾರ್ಡರಿನಲ್ಲೂ ಸಮಾನ ನಾಲ್ಕು ಚೌಕದ ಬದಲು ಒಂದು ದೊಡ್ಡದು, ಉಳಿದವು ಸಣ್ಣವು ಎಂಬ ಜೋಡಣೆ ಇದ್ದರೆ ದೊಡ್ಡದರಲ್ಲಿ ಗೇಟಿನ ಕ್ಯಾಮೆರಾ ಇಡಿ. ಮೂರು ಮೀಟರ್ ದೂರದ ಮಂಚದಿಂದ ಕಾಲು ಪರದೆಯಲ್ಲಿ ಮುಖ ಗುರುತಿಸುವುದು ಕಷ್ಟ.

ವೈರಿನ ದಾರಿಯಲ್ಲಿ ಒಂದು ಕೊರತೆ ಇದೆ. ಕೆಳಗಿನ ಪರದೆಯಲ್ಲಿ ಏನಿದೆಯೋ ಮೇಲೂ ಅದೇ. ಯಾರಾದರೂ ಕೆಳಗೆ ಕೂತು ನಿನ್ನೆಯ ರೆಕಾರ್ಡಿಂಗ್ ಹಾಕಿದರೆ ಅಮ್ಮನಿಗೂ ನಿನ್ನೆಯ ಗೇಟೇ ಕಾಣುತ್ತದೆ! ನೋಡಿ ಮುಗಿದ ಮೇಲೆ ಲೈವ್‌ಗೆ ಮರಳಿಸುವ ಅಭ್ಯಾಸ ಮನೆಯವರೆಲ್ಲರಿಗೂ ಇರಬೇಕು. ಮೇಲಿನಿಂದಲೂ ಹಳೆಯದನ್ನು ನೋಡಬೇಕು ಎಂದಾದರೆ ಮೌಸ್‌ಗೂ ದಾರಿ ಇರುವ, ಯುಎಸ್‌ಬಿ ಸಹಿತದ ಎಕ್ಸ್‌ಟೆಂಡರ್ ತನ್ನಿ.

ಪ್ರಶ್ನೆ: ನಾನು ಆಂಡ್ರಾಯ್ಡ್ ಟಿವಿಯಲ್ಲಿ ಕ್ಯಾಮೆರಾ ನೋಡುವ ಆ್ಯಪ್ ಹಾಕಿ, ಆರ್‌ಟಿಎಸ್‌ಪಿ ವಿಳಾಸ (ಕ್ಯಾಮೆರಾದ ಲೈವ್ ಚಿತ್ರ ನೆಟ್‌ವರ್ಕಿನಲ್ಲಿ ಸಿಗುವ ಕೊಂಡಿ) ಕೊಟ್ಟು ಸೇರಿಸಿದ್ದೇನೆ. ಚಿತ್ರ ಬರುತ್ತದೆ, ಆದರೆ ತೆರೆಯಲು ಐದಾರು ಸೆಕೆಂಡ್ ಬೇಕು. ಅಷ್ಟರಲ್ಲಿ ಬಾಗಿಲಿಗೆ ಬಂದವರು ಹೋಗಿರುತ್ತಾರೆ. ನಾಲ್ಕು ಕ್ಯಾಮೆರಾ ಒಟ್ಟಿಗೆ ಹಾಕಿದರೆ ತಡವರಿಸುತ್ತದೆ. ಹೊಸ ರೂಟರ್ ಬೇಕಾ?

ಉತ್ತರ: ರೂಟರಿಗೆ ಖರ್ಚು ಮಾಡುವ ಮೊದಲು ರೆಕಾರ್ಡರಿನ ವಿಡಿಯೊ ಸೆಟ್ಟಿಂಗ್ ತೆರೆಯಿರಿ. ಮದ್ದು ಅಲ್ಲಿರುವ ಸಾಧ್ಯತೆಯೇ ಜಾಸ್ತಿ.

ಪ್ರತಿ ಕ್ಯಾಮೆರಾ ಸಾಮಾನ್ಯವಾಗಿ ಎರಡು ಚಿತ್ರಧಾರೆ ಕೊಡುತ್ತದೆ. ಮೇನ್ ಸ್ಟ್ರೀಮ್ ದೊಡ್ಡದು, ರೆಕಾರ್ಡಿಂಗ್‌ಗೆ. ಸಬ್ ಸ್ಟ್ರೀಮ್ ಸಣ್ಣದು, ಹೀಗೆ ಇಣುಕಿ ನೋಡಲಿಕ್ಕೆಂದೇ ಇರುವುದು. 1080ಪಿ ಮೇನ್ ಸ್ಟ್ರೀಮ್ ಒಂದಕ್ಕೆ 4 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಆಸುಪಾಸು ಬೇಕು ಎಂದಿಟ್ಟುಕೊಳ್ಳಿ, ನಾಲ್ಕಕ್ಕೆ 16 ಆಯಿತು. ವೈಫೈ ಇದನ್ನು ಹೊತ್ತರೂ ಟಿವಿಯೊಳಗಿನ ಪುಟ್ಟ ಚಿಪ್ ನಾಲ್ಕು ದೊಡ್ಡ ವಿಡಿಯೊಗಳನ್ನು ಒಟ್ಟಿಗೆ ಬಿಡಿಸಲಾರದೆ ಏದುಸಿರು ಬಿಡುತ್ತದೆ. ಸಬ್ ಸ್ಟ್ರೀಮ್ ಆದರೆ ಒಂದಕ್ಕೆ ಅರ್ಧ ಎಂಬಿಪಿಎಸ್ ಸಾಕು. ಕಾಲು ಪರದೆಯಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದೂ ಕಡಿಮೆ. ನಾಲ್ಕು ಒಟ್ಟಿಗೆ ನೋಡುವಾಗ ಸಬ್, ಒಂದನ್ನೇ ದೊಡ್ಡದಾಗಿ ನೋಡುವಾಗ ಮೇನ್, ಹೀಗೆ ಹೊಂದಿಸಿ.

ಈಗ ಆ ಐದಾರು ಸೆಕೆಂಡಿನ ಕಥೆ. ಕ್ಯಾಮೆರಾ ಪ್ರತಿ ಬಾರಿಯೂ ಪೂರ್ತಿ ಚಿತ್ರ ಕಳಿಸುವುದಿಲ್ಲ. ಒಮ್ಮೆ ಪೂರ್ತಿ ಕಳಿಸಿ, ಆಮೇಲೆ ಏನು ಬದಲಾಯಿತೋ ಅಷ್ಟನ್ನೇ ಕಳಿಸುತ್ತಾ ಹೋಗುತ್ತದೆ. ಆ ಪೂರ್ತಿ ಚಿತ್ರಕ್ಕೆ ಐ-ಫ್ರೇಮ್ ಎನ್ನುತ್ತಾರೆ. ನೀವು ಆ್ಯಪ್ ತೆರೆದಾಗ ಟಿವಿಯ ಬಳಿ ಏನೂ ಇರುವುದಿಲ್ಲ. ಮುಂದಿನ ಐ-ಫ್ರೇಮ್ ಬರುವ ತನಕ ಅದು ಸುಮ್ನೆ ಕಾಯಬೇಕು. ಸೆಟ್ಟಿಂಗ್‌ನಲ್ಲಿ ‘ಐ-ಫ್ರೇಮ್ ಇಂಟರ್ವಲ್’ ಎಂಬ ಅಂಕಿ ಇರುತ್ತದೆ. ಸೆಕೆಂಡಿಗೆ 15 ಫ್ರೇಮ್ ಇದ್ದು ಇಂಟರ್ವಲ್ 60 ಆಗಿದ್ದರೆ, ನಿಮ್ಮ ಗ್ರಹಚಾರ ಕೆಟ್ಟ ದಿನ 4 ಸೆಕೆಂಡ್ ಕಾಯುವುದು ಅದಕ್ಕೇ ಹೋಯಿತು. ಅದನ್ನು 15 ಮಾಡಿ, ಸೆಕೆಂಡಿಗೊಂದು ಪೂರ್ತಿ ಚಿತ್ರ ಬರುತ್ತದೆ. ಸಬ್ ಸ್ಟ್ರೀಮ್‌ಗೆ ಮಾತ್ರ ಮಾಡಿದರೂ ಸಾಕು, ರೆಕಾರ್ಡಿಂಗ್‌ನ ಜಾಗ ಕರಗುವುದಿಲ್ಲ.

ಅದೇ ಪುಟದಲ್ಲಿ, ವಿಡಿಯೊ ಕುಗ್ಗಿಸುವ ವಿಧಾನವಾದ ಎಚ್.265ರ ಮುಂದೆ ‘ಪ್ಲಸ್’ ಅಥವಾ ‘ಸ್ಮಾರ್ಟ್’ ಎಂದಿದ್ದರೆ ಸಬ್ ಸ್ಟ್ರೀಮ್‌ಗೆ ಅದನ್ನು ಆಫ್ ಮಾಡಿ. ಅದು ಜಾಗ ಉಳಿಸಲು ಐ-ಫ್ರೇಮ್‌ಗಳನ್ನು ಇನ್ನೂ ದೂರ ದೂರ ಇಡುತ್ತದೆ. ಹಳೇ ಟಿವಿ ಆಗಿದ್ದರೆ ಅದಕ್ಕಿಂತ ಹಳೆಯ ವಿಧಾನ ಎಚ್.264 ಆರಿಸಿ. ಎಚ್.265 ಬಿಡಿಸಲು ಬಾರದ ಟಿವಿಯಲ್ಲಿ ಬರೀ ಕಪ್ಪು ಪರದೆ ಬರುತ್ತದೆ.

ಇಷ್ಟಾದ ಮೇಲೂ ತಡವರಿಸಿದರೆ ವೈಫೈ ಕಡೆ ನೋಡಿ. ಸಾಧ್ಯವಿದ್ದರೆ ಟಿವಿಗೆ ಲ್ಯಾನ್ ಕೇಬಲ್ ಹಾಕಿ, ಇಲ್ಲವಾದರೆ 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ. ಆದರೆ ನಡುವೆ ಎರಡು ದಪ್ಪ ಗೋಡೆ ಇದ್ದರೆ 5 ಗಿಗಾಹರ್ಟ್ಸ್ ಬೇಗ ಸೋಲುತ್ತದೆ.

ಪ್ರಶ್ನೆ: ಫೋನಿನಲ್ಲಿ ಕ್ಯಾಮೆರಾ ಚೆನ್ನಾಗಿ ಕಾಣುತ್ತದೆ. ಟಿವಿಯ ಆ್ಯಪ್ ಮಾತ್ರ ‘ಸಂಪರ್ಕ ಸಿಗಲಿಲ್ಲ’ ಎನ್ನುತ್ತದೆ. ಹಿಂದಿನ ವಾರ ಸರಿ ಇತ್ತು.

ಉತ್ತರ: ಫೋನ್ ಹೆಚ್ಚಾಗಿ ತಯಾರಕರ ಸರ್ವರ್ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ನಿಮ್ಮ ಟಿವಿ ಆ್ಯಪ್‌ಗೆ ಗೊತ್ತಿರುವುದು ನೀವು ಬರೆದುಕೊಟ್ಟ ಐಪಿ ವಿಳಾಸ ಮಾತ್ರ. ‘ಹಿಂದಿನ ವಾರ ಸರಿ ಇತ್ತು’ ಎಂದಿರಲ್ಲ, ನನ್ನ ಅನುಮಾನ ಅಲ್ಲೇ. ನಡುವೆ ಕರೆಂಟ್ ಹೋಗಿ ಬಂದಿರಬೇಕು, ರೂಟರ್ ರೆಕಾರ್ಡರಿಗೆ ಹೊಸ ವಿಳಾಸ ಕೊಟ್ಟಿರಬೇಕು. ರೂಟರಿನ ಪುಟದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಎಂಬಲ್ಲಿ ರೆಕಾರ್ಡರಿಗೆ ಒಂದೇ ವಿಳಾಸ ಗೊತ್ತು ಮಾಡಿ, ಟಿವಿಯಲ್ಲಿ ಅದನ್ನೇ ಬರೆಯಿರಿ.

ಟಿವಿ ಅತಿಥಿಗಳ ವೈಫೈಗೆ ಸೇರಿಕೊಂಡಿದ್ದರೂ ಹೀಗೇ ಆಗುತ್ತದೆ. ಆ ವೈಫೈ ಇರುವುದೇ ಮನೆಯ ಉಳಿದ ಯಂತ್ರಗಳನ್ನು ಮುಟ್ಟದಂತೆ ತಡೆಯಲು. ಇನ್ನು, ಕ್ಯಾಮೆರಾಗಳ ಲ್ಯಾನ್ ಕೇಬಲ್ ರೆಕಾರ್ಡರಿನ ಬೆನ್ನಿಗೇ ನೇರ ಚುಚ್ಚಿರುವ ಎನ್‌ವಿಆರ್ (ನೆಟ್‌ವರ್ಕ್ ಕ್ಯಾಮೆರಾಗಳ ರೆಕಾರ್ಡರ್) ನಿಮ್ಮದಾಗಿದ್ದರೆ ಒಂದು ಮಾತು. ಆ ಕ್ಯಾಮೆರಾಗಳು ರೆಕಾರ್ಡರಿನ ಒಳಗಿನ ಬೇರೆಯೇ ನೆಟ್‌ವರ್ಕಿನಲ್ಲಿರುತ್ತವೆ, ಟಿವಿಗೆ ನೇರ ಸಿಗುವುದಿಲ್ಲ. ಆ್ಯಪ್‌ಗೆ ಕ್ಯಾಮೆರಾದ ಐಪಿ ಕೊಡಬೇಡಿ. ರೆಕಾರ್ಡರಿನ ಐಪಿ ಕೊಟ್ಟು, ಚಾನೆಲ್ 1, ಚಾನೆಲ್ 2 ಎಂದು ಆರಿಸಿ.

ಪ್ರಶ್ನೆ: ನಮ್ಮದು ಬ್ಯಾಟರಿಯ ವೈಫೈ ಕ್ಯಾಮೆರಾ. ಮೂಲೆಯಲ್ಲಿ ಬಿದ್ದಿರುವ ಹಳೇ ಟ್ಯಾಬ್ಲೆಟ್ ಅನ್ನು ಅಡುಗೆಮನೆ ಗೋಡೆಗೆ ಹಾಕಿ ದಿನವಿಡೀ ಅದರಲ್ಲಿ ಬಾಗಿಲು ಕಾಣುವಂತೆ ಮಾಡಬೇಕು.

ಉತ್ತರ: ಟ್ಯಾಬ್ಲೆಟ್ ಯೋಚನೆ ಚೆನ್ನಾಗಿದೆ, ಕ್ಯಾಮೆರಾ ಮಾತ್ರ ಹೊಂದುವುದಿಲ್ಲ. ಬ್ಯಾಟರಿ ಕ್ಯಾಮೆರಾ ಹೆಚ್ಚು ಹೊತ್ತು ನಿದ್ದೆ ಮಾಡುತ್ತಲೇ ತಿಂಗಳುಗಟ್ಟಲೆ ಬಾಳುವುದು. ಯಾರಾದರೂ ಅಲುಗಾಡಿದಾಗ ಅಥವಾ ನೀವು ಕರೆದಾಗ ಎಚ್ಚರವಾಗುತ್ತದೆ. ದಿನವಿಡೀ ಲೈವ್ ಇಟ್ಟರೆ ಚಾರ್ಜ್ ಬಹಳ ಬೇಗ ಖಾಲಿ. ಎಷ್ಟೋ ಮಾದರಿಗಳು ತಾವಾಗಿಯೇ ಕೆಲವು ನಿಮಿಷಕ್ಕೆ ಲೈವ್ ನಿಲ್ಲಿಸಿಬಿಡುತ್ತವೆ. ಸದಾ ಕಾಣಬೇಕು ಎಂದರೆ ಕರೆಂಟ್‌ನಿಂದ ಓಡುವ ಕ್ಯಾಮೆರಾ ಬೇಕು.

ಕೊಳ್ಳುವಾಗ ಡಬ್ಬಿಯ ಮೇಲೆ ‘ಆನ್‌ವಿಫ್’ ಅಥವಾ ‘ಆರ್‌ಟಿಎಸ್‌ಪಿ’ ಇದೆಯಾ ನೋಡಿ. ಆನ್‌ವಿಫ್ ಎನ್ನುವುದು ಆ್ಯಕ್ಸಿಸ್, ಬಾಷ್, ಸೋನಿ ಕಂಪನಿಗಳು ಸೇರಿ 2008ರಲ್ಲಿ ಶುರು ಮಾಡಿದ ಒಪ್ಪಂದ. ಒಬ್ಬರ ಕ್ಯಾಮೆರಾ ಇನ್ನೊಬ್ಬರ ಯಂತ್ರದ ಜೊತೆ ಮಾತಾಡಲಿ ಎಂಬುದೇ ಅದರ ಉದ್ದೇಶ. ಇವೆರಡೂ ಇಲ್ಲದ ಕ್ಯಾಮೆರಾ ತನ್ನದೇ ಆ್ಯಪ್ ಬಿಟ್ಟು ಬೇರೆಲ್ಲೂ ಕಾಣಿಸದೆ ಹೋಗಬಹುದು. ಆ ಆ್ಯಪ್ ನಿಮ್ಮ ಹಳೇ ಟ್ಯಾಬ್ಲೆಟ್ಟಿಗೆ ಹಾಕಲು ಬರುತ್ತದೋ ಇಲ್ಲವೋ, ಅದನ್ನೂ ಮೊದಲೇ ನೋಡಿ.

ಟ್ಯಾಬ್ಲೆಟ್ ಅನ್ನು ಹಗಲೂ ರಾತ್ರಿ ಚಾರ್ಜರಿಗೆ ಚುಚ್ಚಿಡಬೇಡಿ. ಸದಾ ತುಂಬಿ ಬಿಸಿಯಲ್ಲಿರುವ ಬ್ಯಾಟರಿ ಊದಿಕೊಳ್ಳಬಹುದು. ದಿನಕ್ಕೆ ಕೆಲವು ಗಂಟೆ ಮಾತ್ರ ಕರೆಂಟ್ ಕೊಡುವ ಟೈಮರ್ ಪ್ಲಗ್ ಹಾಕಿ, ಒಲೆಯಿಂದ ದೂರ ಇಡಿ. ಗಾಜು ಫ್ರೇಮಿನಿಂದ ಸ್ವಲ್ಪ ಎದ್ದಂತೆ ಕಂಡರೆ ಅವತ್ತೇ ಅದನ್ನು ಕೆಳಗಿಳಿಸಿ.

ಪ್ರಶ್ನೆ: ಮನೆಯ ಟಿವಿಯಲ್ಲಿ ನೋಡಲು ರೂಟರಿನಲ್ಲಿ 554 ಪೋರ್ಟ್ ತೆರೆಯಬೇಕು ಎಂದು ಪರಿಚಯದವರು ಹೇಳಿದರು. ತೆರೆಯಲಾ?

ಉತ್ತರ: ಬೇಡ. 554 ಆರ್‌ಟಿಎಸ್‌ಪಿಯ ಪೋರ್ಟ್ ಹೌದು, ಆದರೆ ರೂಟರಿನಲ್ಲಿ ಅದನ್ನು ತೆರೆಯುವುದು ಹೊರಗಿನವರು ಒಳಗೆ ಬರಲು. ಟಿವಿ, ರೆಕಾರ್ಡರ್ ಎರಡೂ ಮನೆಯೊಳಗೇ ಇರುವಾಗ ಅದರ ಅಗತ್ಯವೇ ಇಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹೀಗೆ ಬಾಗಿಲು ತೆರೆದಿಟ್ಟ ಕ್ಯಾಮೆರಾ, ರೆಕಾರ್ಡರುಗಳೊಳಗೆ ನುಗ್ಗಿತ್ತು. ಅದರ ಬಳಿ ಇದ್ದದ್ದು ಕಂಪನಿಯಿಂದ ಬರುವಾಗಲೇ ಇರುವ 60ರಷ್ಟು ಯೂಸರ್‌ನೇಮ್, ಪಾಸ್‌ವರ್ಡ್‌ಗಳ ಒಂದು ಪಟ್ಟಿ ಅಷ್ಟೇ. ಆ ವರ್ಷ ಅಕ್ಟೋಬರ್ 21ರಂದು ಆ ಯಂತ್ರಗಳೆಲ್ಲ ಸೇರಿ ವೆಬ್‌ಸೈಟ್ ಹೆಸರಿಗೆ ತಕ್ಕ ವಿಳಾಸ ಹುಡುಕಿಕೊಡುವ ಡೈನ್ (Dyn) ಎಂಬ ಕಂಪನಿಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಹಲವರಿಗೆ ಸಿಗದೆ ಹೋದವು.

ಈಗಾಗಲೇ ತೆರೆದಿದ್ದರೆ ಮುಚ್ಚಿ. ರೆಕಾರ್ಡರಿನ ಪಾಸ್‌ವರ್ಡ್ ಬದಲಿಸಿ. ಟಿವಿ ಆ್ಯಪ್‌ಗೆ ಅಡ್ಮಿನ್ ಖಾತೆ ಕೊಡದೆ, ಲೈವ್ ನೋಡಲು ಮಾತ್ರ ಬರುವ ಬೇರೆ ಯೂಸರ್ ಮಾಡಿಕೊಡಿ. ನಾಳೆ ಆ ಟಿವಿಯನ್ನು ಯಾರಿಗಾದರೂ ಕೊಟ್ಟರೆ ಆ ಒಂದು ಯೂಸರನ್ನು ಅಳಿಸಿದರೆ ಆಯಿತು.