ಅಳಿಸಿದ ಹುಡುಕಾಟ ಮತ್ತೆ ಕಾಣಿಸಿಕೊಳ್ಳುವುದೇಕೆ?

ಈ ಸಂಚಿಕೆಯ ಮೂರು ಪತ್ರಗಳೂ ಟ್ಯಾಬ್‌ನಲ್ಲಿ ಉಳಿದುಹೋಗುವ ಹುಡುಕಾಟದ ಜಾಡಿಗೆ ಸಂಬಂಧಿಸಿದವು. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸುತ್ತಿಲ್ಲ.

ಪ್ರಶ್ನೆ: ಮಗ ಪಿಯುಸಿಗೆ ಸೇರಿದಾಗ ಪಾಠ ಕೇಳಲೆಂದು ಒಂದು ಆಂಡ್ರಾಯ್ಡ್ ಟ್ಯಾಬ್ ಕೊಂಡೆವು. ಅವನು ಕಾಲೇಜಿಗೆ ಹೋದ ಮೇಲೆ ನಾನೂ ಅದನ್ನು ಬಳಸುತ್ತೇನೆ. ನನಗೀಗ 47 ವರ್ಷ. ಮುಟ್ಟು ನಿಲ್ಲುವ ಹೊತ್ತಿನ ತೊಂದರೆಗಳ ಬಗ್ಗೆ ಕೆಲವು ದಿನ ಹುಡುಕಿ ಓದಿದೆ. ಒಂದು ಸಂಜೆ ಮಗ ಏನನ್ನೋ ಹುಡುಕಲು ಹೋದಾಗ ನನ್ನ ಹುಡುಕಾಟಗಳೇ ಸಾಲಾಗಿ ಕಾಣಿಸಿಕೊಂಡವು. ಕ್ರೋಮ್‌ನಲ್ಲಿ ಹಿಸ್ಟರಿ ಅಳಿಸಿದೆ, ಆದರೂ ಮತ್ತೆ ಬರುತ್ತಿವೆ. ಯೂಟ್ಯೂಬ್ ಕೂಡ ಅದೇ ವಿಷಯದ ವಿಡಿಯೊಗಳನ್ನು ತೋರಿಸುತ್ತಿದೆ. ಟ್ಯಾಬ್‌ನಲ್ಲಿರುವುದು ನಮ್ಮ ಯಜಮಾನರ ಜಿಮೇಲ್ ಖಾತೆ. ತಪ್ಪೇನೂ ಮಾಡಿಲ್ಲ, ಆದರೂ ಮುಜುಗರವಾಗುತ್ತದೆ. ಇದನ್ನು ಪೂರ್ತಿ ಅಳಿಸುವುದು ಹೇಗೆ?
– ಶಿರಾ ಗೇಟ್ ಬಳಿಯ ಓದುಗರು, ತುಮಕೂರು

ಉತ್ತರ: ಮೊದಲಿಗೆ ನಿಮ್ಮ ಮುಜುಗರದ ಬಗ್ಗೆ ಒಂದು ಮಾತು. ತನ್ನ ದೇಹದ ವಿಚಾರವನ್ನು ತಾನಾಗಿ ಹೇಳುವವರೆಗೆ ತನ್ನೊಳಗೇ ಇಟ್ಟುಕೊಳ್ಳುವುದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ, ಕಳ್ಳತನವೂ ಅಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ತೀರ್ಪು ಬಂದದ್ದು ಪ್ರಜೆ ಮತ್ತು ಸರ್ಕಾರದ ನಡುವಿನ ವಿವಾದದಲ್ಲಿ, ನಿಜ. ಆದರೆ ಒಂದೇ ಟ್ಯಾಬನ್ನು ಮೂವರು ಬಳಸುವ ಮನೆಯಲ್ಲಿ ಅದೇ ಮರ್ಯಾದೆಯನ್ನು ನಿರೀಕ್ಷಿಸುವುದರಲ್ಲಿ ಸಂಕೋಚಪಡಬೇಕಾದ್ದು ಏನೂ ಇಲ್ಲ.

ಇನ್ನು ಅಳಿಸಿದ್ದು ಮತ್ತೆ ಬರುವ ಕಾರಣ. ಅಂತರಸನಹಳ್ಳಿಯ ಮಾರುಕಟ್ಟೆಯಲ್ಲಿ ಮಾಲು ಮಾರಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಂಡಿಯವರು ಕೊಟ್ಟ ಚೀಟಿಯನ್ನು ನೀವು ಹರಿದುಹಾಕಿದರೂ ಅವರ ಖಾತೆ ಪುಸ್ತಕದಲ್ಲಿ ಲೆಕ್ಕ ಇದ್ದೇ ಇರುತ್ತದೆ. ಕ್ರೋಮ್‌ನ ಹಿಸ್ಟರಿ ಎಂಬುದು ಟ್ಯಾಬ್‌ನಲ್ಲಿ ಉಳಿಯುವ ಚೀಟಿ. ಗೂಗಲ್ ಖಾತೆಗೆ ಲಾಗಿನ್ ಆಗಿರುವಾಗ ನೀವು ಹುಡುಕಿದ ಪದಗಳು ಅದರ ಜೊತೆಗೆ ಗೂಗಲ್‌ನ ಕಂಪ್ಯೂಟರುಗಳಲ್ಲಿ, ‘ವೆಬ್ ಅಂಡ್ ಆ್ಯಪ್ ಆ್ಯಕ್ಟಿವಿಟಿ’ ಎಂಬ ಹೆಸರಿನಲ್ಲಿ, ಆ ಖಾತೆಯ ಲೆಕ್ಕಕ್ಕೆ ಸೇರುತ್ತವೆ. ನೀವು ಚೀಟಿಯನ್ನು ಹರಿದಿದ್ದೀರಿ, ಪುಸ್ತಕ ಹಾಗೆಯೇ ಇದೆ. ಹುಡುಕುವ ಜಾಗವನ್ನು ಮುಟ್ಟಿದೊಡನೆ ಗಡಿಯಾರದ ಚಿಹ್ನೆಯೊಂದಿಗೆ ಇಳಿಯುವ ಹಳೆಯ ಪದಗಳು ಬರುವುದು ಸಾಮಾನ್ಯವಾಗಿ ಅಲ್ಲಿಂದಲೇ. ಖಾತೆ ನಿಮ್ಮ ಯಜಮಾನರದ್ದಾದ್ದರಿಂದ ಅವರ ಫೋನಿನಲ್ಲಿಯೂ ಅವು ಕಾಣಿಸಿಕೊಳ್ಳಬಹುದು ಎಂಬುದು ನಿಮ್ಮ ಗಮನದಲ್ಲಿರಲಿ.

ಚೀಟಿಯನ್ನು ಹರಿಯುವಾಗಲೂ ಅನೇಕರು ಒಂದು ಕಡೆ ಎಡವುತ್ತಾರೆ. ಕ್ರೋಮ್‌ನಲ್ಲಿ ಮೂರು ಚುಕ್ಕೆಗಳನ್ನು ಒತ್ತಿ ‘ಡಿಲೀಟ್ ಬ್ರೌಸಿಂಗ್ ಡೇಟಾ’ ಎಂಬಲ್ಲಿಗೆ ಹೋದಾಗ ಯಾವ ಅವಧಿಯದನ್ನು ಅಳಿಸಬೇಕೆಂಬ ಆಯ್ಕೆ ಕಾಣುತ್ತದೆ. ಅಲ್ಲಿ ತಾನಾಗಿಯೇ ಕಳೆದ 15 ನಿಮಿಷ ಎಂದಿರುವುದುಂಟು. ಅದನ್ನು ಬದಲಿಸದೆ ಒತ್ತಿದರೆ ನಿನ್ನೆಯದು, ಮೊನ್ನೆಯದು ಎಲ್ಲವೂ ಉಳಿಯುತ್ತದೆ. 24 ಗಂಟೆ, 7 ದಿನ, 4 ವಾರ ಅಥವಾ ‘ಆಲ್ ಟೈಮ್’ ಎಂಬುದನ್ನು ನೀವೇ ಆರಿಸಬೇಕು. ಅದೇ ಪರದೆಯಲ್ಲಿ ಕುಕ್ಕಿ (ನಿಮ್ಮನ್ನು ಗುರುತಿಟ್ಟುಕೊಳ್ಳಲು ಜಾಲತಾಣಗಳು ಸಾಧನದಲ್ಲಿ ಇಡುವ ಸಣ್ಣ ಫೈಲ್), ಪಾಸ್‌ವರ್ಡ್, ಕ್ರೋಮ್‌ನಲ್ಲಿ ತೆರೆದಿರುವ ಪುಟಗಳು (ಇವನ್ನೂ ಟ್ಯಾಬ್‌ಗಳು ಎನ್ನುತ್ತಾರೆ) ಮುಂತಾದ ಬೇರೆ ಆಯ್ಕೆಗಳೂ ಇರುತ್ತವೆ. ಕುಕ್ಕಿಗಳನ್ನು ಅಳಿಸಿದರೆ ಮಗ ಕ್ರೋಮ್‌ನಲ್ಲಿ ಲಾಗಿನ್ ಆಗಿರುವ ಪಾಠದ ತಾಣಗಳೆಲ್ಲ ಲಾಗ್‌ಔಟ್ ಆಗಿ ಮತ್ತೆ ಪಾಸ್‌ವರ್ಡ್ ಕೇಳುತ್ತವೆ. ಉಳಿಸಿದ್ದ ಪಾಸ್‌ವರ್ಡ್‌ಗಳನ್ನೂ ಅಳಿಸಿಬಿಟ್ಟರೆ ಅವನ ಪರದಾಟ ಇನ್ನೂ ಹೆಚ್ಚು. ಆದ್ದರಿಂದ ಕುಕ್ಕಿ, ಪಾಸ್‌ವರ್ಡ್ ಮುಂತಾದವುಗಳ ಮುಂದಿನ ಗುರುತನ್ನು ತೆಗೆದು, ಬ್ರೌಸಿಂಗ್ ಹಿಸ್ಟರಿಯ ಗುರುತನ್ನು ಮಾತ್ರ ಉಳಿಸಿಕೊಳ್ಳಿ.

ಆದರೆ ಎಲ್ಲವನ್ನೂ ಗುಡಿಸಿ ಹಾಕಬೇಡಿ ಎಂಬುದು ನನ್ನ ಸಲಹೆ. ಮಗನು ಓದಿಗಾಗಿ ತೆರೆದಿದ್ದ ಪುಟಗಳ ಜಾಡು ಅದರೊಂದಿಗೆ ಹೋಗುತ್ತದೆ. ಒಂದೇ ಖಾತೆಯ ಸಾಧನಗಳ ಮಾಹಿತಿಯನ್ನು ಒಂದೇ ರೀತಿ ಇಡುವ ‘ಸಿಂಕ್’ ಚಾಲೂ ಇದ್ದರೆ ಯಜಮಾನರ ಫೋನಿನ ಕ್ರೋಮ್‌ನಲ್ಲಿದ್ದುದೂ ಅಳಿಯುತ್ತದೆ. ಮೇಲಾಗಿ, ಇದ್ದಕ್ಕಿದ್ದಂತೆ ಖಾಲಿಯಾದ ಪಟ್ಟಿಯು ತುಂಬಿದ ಪಟ್ಟಿಗಿಂತ ಹೆಚ್ಚು ಕಣ್ಣಿಗೆ ಬೀಳುತ್ತದೆ. ಹಿಸ್ಟರಿಯ ಪುಟದಲ್ಲಿಯೇ ಹುಡುಕುವ ಸೌಲಭ್ಯವಿದೆ. ನೀವು ಬಳಸಿದ ಪದವನ್ನು ಅಲ್ಲಿ ಬರೆದರೆ ಸಂಬಂಧಿಸಿದ ಸಾಲುಗಳಷ್ಟೇ ಬರುತ್ತವೆ, ಅವನ್ನು ಒಂದೊಂದಾಗಿ ತೆಗೆಯಬಹುದು.

ಖಾತೆ ಪುಸ್ತಕದ ಕೆಲಸ ಬೇರೆ. ಟ್ಯಾಬ್‌ನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಎಂಬುದನ್ನು ತೆರೆದು, ಖಾತೆಯ ನಿರ್ವಹಣೆಗೆ ಹೋಗಿ, ‘ಡೇಟಾ ಅಂಡ್ ಪ್ರೈವೆಸಿ’ ವಿಭಾಗದಲ್ಲಿ ‘ಮೈ ಆ್ಯಕ್ಟಿವಿಟಿ’ಯನ್ನು ಒತ್ತಿದರೆ ದಿನಾಂಕವಾರು ಪಟ್ಟಿ ತೆರೆದುಕೊಳ್ಳುತ್ತದೆ. ಇಲ್ಲಿಯೂ ಪದವನ್ನು ಕೊಟ್ಟು ಹುಡುಕಿ ಅಳಿಸಬಹುದು. ದಾಖಲೆಗಳು 3, 18 ಅಥವಾ 36 ತಿಂಗಳ ನಂತರ ತಾವಾಗಿ ಅಳಿಯುವಂತೆ ಮಾಡಬಹುದು, ದಾಖಲಿಸುವುದನ್ನೇ ನಿಲ್ಲಿಸಲೂಬಹುದು. ಆದರೆ ಅವಧಿಯ ಲೆಕ್ಕದಲ್ಲಿ ಅಳಿಸಿದರೆ ಯಜಮಾನರ ಹುಡುಕಾಟಗಳೂ ಹೋಗುತ್ತವೆ. ಅದು ಅವರ ಖಾತೆಯಾದ್ದರಿಂದ ಸೆಟ್ಟಿಂಗ್ ಬದಲಿಸುವ ಮುನ್ನ ಅವರಿಗೊಂದು ಮಾತು ಹೇಳುವುದು ಒಳ್ಳೆಯದು. ನೀವು ಏನನ್ನು ಹುಡುಕಿದಿರಿ ಎಂಬುದನ್ನು ಹೇಳಬೇಕಾಗಿಲ್ಲ.

ಯೂಟ್ಯೂಬ್ ತನ್ನದೇ ಲೆಕ್ಕವನ್ನು ಇಡುತ್ತದೆ: ನೋಡಿದ್ದು ಒಂದು, ಹುಡುಕಿದ್ದು ಇನ್ನೊಂದು. ಆ ಆ್ಯಪ್‌ನ ಹಿಸ್ಟರಿಯಿಂದ ಆಯಾ ವಿಡಿಯೊಗಳನ್ನು ತೆಗೆದರೆ ಶಿಫಾರಸುಗಳು ಬದಲಾಗುತ್ತವೆ. ಕೀಲಿಮಣೆಯನ್ನೂ ಮರೆಯಬೇಡಿ. ನೀವು ಆಗಾಗ ಬರೆದ ಪದವನ್ನು ಗೂಗಲ್‌ನ ಕೀಲಿಮಣೆಯಾದ ಜಿಬೋರ್ಡ್ ಕಲಿತುಕೊಂಡು, ಮಗ ಮೊದಲಕ್ಷರವನ್ನು ಒತ್ತಿದ ಕೂಡಲೇ ಮುಂದಿಡಬಹುದು. ಅದರ ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಕಲಿತ ಪದಗಳನ್ನು ಅಳಿಸುವ ವ್ಯವಸ್ಥೆಯಿದೆ.

ಇಷ್ಟನ್ನೂ ಪ್ರತಿ ವಾರ ಮಾಡುತ್ತಾ ಕೂರುವುದು ನಿಮಗೆ ಶಿಕ್ಷೆಯಾದೀತು. ನಿಮ್ಮ ಸಮಸ್ಯೆಯ ಬೇರು ಇರುವುದು ಮೂವರೂ ಒಂದೇ ಖಾತೆಯಲ್ಲಿ ಓಡಾಡುತ್ತಿರುವುದರಲ್ಲಿ. 2012ರಲ್ಲಿ ಬಂದ ಆಂಡ್ರಾಯ್ಡ್ 4.2ರಿಂದಲೇ ಟ್ಯಾಬ್‌ಗಳಲ್ಲಿ ಒಬ್ಬರಿಗಿಂತ ಹೆಚ್ಚು ಬಳಕೆದಾರರನ್ನು ಸೇರಿಸುವ ಅನುಕೂಲವಿದೆ. ಕೆಲವು ತಯಾರಕರು ಇದನ್ನು ಕೊಡುವುದಿಲ್ಲ. ನಿಮ್ಮದರಲ್ಲಿ ಇದೆಯೇ ಎಂದು ತಿಳಿಯಲು ಸೆಟ್ಟಿಂಗ್ಸ್‌ನಲ್ಲಿ ‘ಯೂಸರ್ಸ್’ ಎಂದು ಹುಡುಕಿ ನೋಡಿ. ಇದ್ದರೆ ನಿಮಗೊಂದು ಪ್ರತ್ಯೇಕ ಬಳಕೆದಾರ ಜಾಗವನ್ನು ತೆರೆದು, ನಿಮ್ಮದೇ ಜಿಮೇಲ್ ಖಾತೆಯನ್ನು ಸೇರಿಸಿ, ಪಿನ್ ಹಾಕಿಕೊಳ್ಳಿ. ಆ ಜಾಗದ ಕ್ರೋಮ್, ಯೂಟ್ಯೂಬ್, ಕೀಲಿಮಣೆ, ಫೋಟೊ ಎಲ್ಲವೂ ನಿಮ್ಮವು ಮಾತ್ರ. ಮಗ ತನ್ನ ಜಾಗದಲ್ಲಿ ಓದಿಕೊಳ್ಳುತ್ತಾನೆ. ಅಡುಗೆಮನೆಯ ಡಬ್ಬಿಗಳನ್ನು ಎಲ್ಲರೂ ತೆರೆಯುವ ಮನೆಯಲ್ಲಿಯೂ ಪ್ರತಿಯೊಬ್ಬರ ಬಟ್ಟೆಗೆ ಬೇರೆ ಬೇರೆ ಬೀರು ಇರುತ್ತದಲ್ಲ, ಇದೂ ಹಾಗೆಯೇ. ಐಪ್ಯಾಡ್ ಇರುವ ಓದುಗರಿಗೆ ಮನೆಬಳಕೆಯಲ್ಲಿ ಈ ಅನುಕೂಲವಿಲ್ಲ. ಅವರು ಸಫಾರಿಯ ಪ್ರೈವೇಟ್ ಟ್ಯಾಬ್‌ಗಳನ್ನು ಬಳಸಬಹುದು. ಐಪ್ಯಾಡ್‌ಒಎಸ್ 17ರಿಂದ ಅವುಗಳಿಗೆ ಬೀಗವೂ ಇದೆ.

ನೀವು ಹುಡುಕುತ್ತಿದ್ದ ವಿಷಯವನ್ನು ವೈದ್ಯರೊಂದಿಗೆ ನೇರವಾಗಿ ಮಾತನಾಡಿ ಎಂದೂ ಅಕ್ಕರೆಯಿಂದ ಹೇಳಬಯಸುತ್ತೇನೆ. ಮುಟ್ಟು ಪೂರ್ತಿ ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತಸ್ರಾವವಾದರೆ ಅದನ್ನು ವಯಸ್ಸಿನ ಲಕ್ಷಣವೆಂದು ಸುಮ್ಮನಿರದೆ ತೋರಿಸಿಕೊಳ್ಳಬೇಕು.

ಪ್ರಶ್ನೆ: ನಮ್ಮದು ರೇಷ್ಮೆ ರೀಲಿಂಗ್ ಘಟಕ. ಗೂಡಿನ ದರ ನೋಡಲು ಒಂದು ಟ್ಯಾಬ್ ಇಟ್ಟಿದ್ದೇವೆ, ಕೆಲಸದವರೂ ಅದನ್ನು ಬಳಸುತ್ತಾರೆ. ಸಾಲದ ವಿಚಾರ ಹುಡುಕುವಾಗ ನಾನು ಕ್ರೋಮ್‌ನ ಇನ್‌ಕಾಗ್ನಿಟೊ (ಗುಪ್ತ ಬಳಕೆಯ ಆಯ್ಕೆ) ಬಳಸುತ್ತೇನೆ. ಆದರೂ ಸಾಲ ಬೇಕೇ ಎಂದು ಕರೆಗಳು ಬರುತ್ತಿವೆ. ಇನ್‌ಕಾಗ್ನಿಟೊದಲ್ಲಿ ಮಾಡಿದ್ದು ಯಾರಿಗೂ ತಿಳಿಯುವುದಿಲ್ಲ ಎನ್ನುತ್ತಾರಲ್ಲ?
– ಓದುಗರೊಬ್ಬರು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಹಾಗೆನ್ನುವವರು ಅರ್ಧವನ್ನಷ್ಟೇ ಹೇಳುತ್ತಾರೆ. ಇನ್‌ಕಾಗ್ನಿಟೊ ಕಾಪಾಡುವುದು ನಿಮ್ಮ ನಂತರ ಅದೇ ಟ್ಯಾಬನ್ನು ಕೈಗೆತ್ತಿಕೊಳ್ಳುವವರ ಕಣ್ಣಿನಿಂದ ಮಾತ್ರ. ಆ ಕೆಲಸವನ್ನು ಅದು ಸರಿಯಾಗಿಯೇ ಮಾಡುತ್ತದೆ. ನೋಡಿದ ಪುಟಗಳು ಹಿಸ್ಟರಿಯಲ್ಲಿ ಸೇರುವುದಿಲ್ಲ, ಎಲ್ಲ ಇನ್‌ಕಾಗ್ನಿಟೊ ಟ್ಯಾಬ್‌ಗಳನ್ನು ಮುಚ್ಚಿದಾಗ ಕುಕ್ಕಿಗಳೂ ಹೋಗುತ್ತವೆ. ಎಲ್ಲವನ್ನೂ ಮುಚ್ಚಬೇಕೆಂಬುದು ಮುಖ್ಯ. ಒಂದನ್ನು ತೆರೆದಿಟ್ಟು ಎದ್ದುಹೋದರೆ ಮುಂದಿನವರು ಅದನ್ನೇ ನೋಡುತ್ತಾರೆ. ಇಳಿಸಿಕೊಂಡ ಸಾಲದ ಅರ್ಜಿಯ ಪಿಡಿಎಫ್ ಫೈಲ್ ಟ್ಯಾಬ್‌ನಲ್ಲಿ ಉಳಿಯುತ್ತದೆ, ಅದನ್ನು ಕೈಯಾರೆ ಅಳಿಸಬೇಕು.

ಆಚೆ ಬದಿಯವರಿಂದ ಅದು ನಿಮ್ಮನ್ನು ಮರೆಮಾಡುವುದಿಲ್ಲ. ಇಂಟರ್‌ನೆಟ್ ಸಂಪರ್ಕ ಕೊಟ್ಟ ಕಂಪನಿಗೆ ನೀವು ಯಾವ ಜಾಲತಾಣವನ್ನು ತೆರೆದಿರಿ ಎಂಬುದು ತಿಳಿಯಬಲ್ಲದು. ತಾಣದ ವಿಳಾಸ ಎಚ್‌ಟಿಟಿಪಿಎಸ್ ಎಂದು ಶುರುವಾಗಿದ್ದರೆ, ಅಂದರೆ ಮಾಹಿತಿಯು ಗೂಢಲಿಪಿಯಲ್ಲಿ ಸಾಗುತ್ತಿದ್ದರೆ, ಒಳಗೆ ಯಾವ ಪುಟವನ್ನು ಓದಿದಿರಿ ಎಂಬುದು ತಿಳಿಯದು. ತಾಣದವರಿಗಂತೂ ನೀವು ಬಂದದ್ದು ಗೊತ್ತಿರುತ್ತದೆ. ಇದೇ ಗೊಂದಲ ಅಮೆರಿಕದ ನ್ಯಾಯಾಲಯದವರೆಗೂ ಹೋಗಿತ್ತು. ಇನ್‌ಕಾಗ್ನಿಟೊದಲ್ಲಿಯೂ ತಮ್ಮ ಜಾಡನ್ನು ಹಿಡಿಯಲಾಗಿದೆ ಎಂದು ಬಳಕೆದಾರರು 2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗೂಗಲ್ ವಿರುದ್ಧ ಮೊಕದ್ದಮೆ ಹೂಡಿದರು. 2024ರ ರಾಜಿ ಒಪ್ಪಂದದಲ್ಲಿ ಕಂಪನಿಯು ನೂರಾರು ಕೋಟಿ ದಾಖಲೆಗಳನ್ನು ನಾಶಪಡಿಸಲು ಮತ್ತು ಇನ್‌ಕಾಗ್ನಿಟೊ ಕುರಿತ ವಿವರಣೆಯನ್ನು ಇನ್ನಷ್ಟು ಸ್ಪಷ್ಟಗೊಳಿಸಲು ಒಪ್ಪಿತು.

ನಿಮಗೆ ಬರುತ್ತಿರುವ ಕರೆಗಳಿಗೆ ಇನ್ನೂ ಸರಳವಾದ ಕಾರಣವಿರಬಹುದು. ಸಾಲದ ತಾಣಗಳು ಬಡ್ಡಿಯ ಲೆಕ್ಕವನ್ನು ತೋರಿಸುವ ಮುನ್ನವೇ ಮೊಬೈಲ್ ಸಂಖ್ಯೆಯನ್ನು ಕೇಳುತ್ತವೆ. ಒಮ್ಮೆ ಸಂಖ್ಯೆಯನ್ನು ಕೊಟ್ಟು ಷರತ್ತುಗಳಿಗೆ ಒಪ್ಪಿಗೆಯ ಗುರುತು ಹಾಕಿದರೆ ಯಾವ ಹಿಸ್ಟರಿಯನ್ನು ಅಳಿಸಿಯೂ ಅದನ್ನು ಹಿಂದೆ ಪಡೆಯಲಾಗದು. ದರಗಳನ್ನು ಹೋಲಿಸುವುದಷ್ಟೇ ಉದ್ದೇಶವಾದರೆ ಸಂಖ್ಯೆ ಕೇಳುವ ಪುಟದಿಂದ ಹಿಂದಕ್ಕೆ ಬನ್ನಿ. ಬರುತ್ತಿರುವ ಕರೆಗಳನ್ನು ತಡೆಯಲು 1909ಕ್ಕೆ ಕರೆ ಮಾಡಿ ‘ಡು ನಾಟ್ ಡಿಸ್ಟರ್ಬ್’ ನೋಂದಣಿ ಮಾಡಿಸಿಕೊಳ್ಳಬಹುದು. ಘಟಕದ ಟ್ಯಾಬ್‌ನಲ್ಲಿ ಕೆಲಸದವರಿಗೆ ‘ಗೆಸ್ಟ್’ ಜಾಗವನ್ನು ತೆರೆದುಕೊಟ್ಟರೆ ಅವರ ಹುಡುಕಾಟವೂ ನಿಮ್ಮ ಖಾತೆಗೆ ಸೇರುವುದಿಲ್ಲ. ಅವರಿಗೂ ಅವರದ್ದೆಂಬ ಗುಟ್ಟುಗಳಿರುತ್ತವೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಹಳೆಯ ಟ್ಯಾಬನ್ನು ಅಂಗಡಿಗೆ ಕೊಟ್ಟು ಹೊಸದನ್ನು ಕೊಳ್ಳಬೇಕೆಂದಿದ್ದೇನೆ. ಹಿಸ್ಟರಿ ಅಳಿಸಿ ಕೊಟ್ಟರೆ ಸಾಕೇ?
– ಓದುಗರೊಬ್ಬರು, ಕೋಲಾರ

ಉತ್ತರ: ಸಾಲದು. ಫೋಟೊಗಳು, ವಾಟ್ಸ್ಆ್ಯಪ್, ಬ್ಯಾಂಕಿನ ಆ್ಯಪ್, ತೆರೆದಿರುವ ಜಿಮೇಲ್ ಎಲ್ಲವೂ ಅದರಲ್ಲಿಯೇ ಇರುತ್ತವೆ. ಬೇಕಾದ ಫೋಟೊಗಳನ್ನು ಬೇರೆಡೆ ಉಳಿಸಿಕೊಂಡು, ಮೆಮೊರಿ ಕಾರ್ಡ್ ಮತ್ತು ಸಿಮ್ ಇದ್ದರೆ ಹೊರತೆಗೆದು, ಸೆಟ್ಟಿಂಗ್ಸ್‌ನ ಖಾತೆಗಳ ವಿಭಾಗದಿಂದ ನಿಮ್ಮ ಗೂಗಲ್ ಖಾತೆಯನ್ನು ತೆಗೆದುಹಾಕಿ. ಖಾತೆಯನ್ನು ತೆಗೆಯದೆ ಕೊಟ್ಟರೆ, ಕಳವಾದ ಸಾಧನವನ್ನು ಬೇರೆಯವರು ಬಳಸದಂತೆ ತಡೆಯುವ ವ್ಯವಸ್ಥೆಯು ಕೊಂಡವರನ್ನೂ ತಡೆದು, ನಿಮ್ಮ ಪಾಸ್‌ವರ್ಡ್ ಕೇಳಲು ಅವರು ನಿಮ್ಮನ್ನೇ ಹುಡುಕಿಕೊಂಡು ಬರುವಂತಾದೀತು. ಆನಂತರ ‘ಫ್ಯಾಕ್ಟರಿ ರೀಸೆಟ್’ ಮಾಡಿ, ಅಂದರೆ ಎಲ್ಲವನ್ನೂ ಅಳಿಸಿ ಟ್ಯಾಬನ್ನು ಹೊಸದರಂತೆ ಮಾಡಿ. 2019ರ ಆಂಡ್ರಾಯ್ಡ್ 10ರೊಂದಿಗೆ ಅಥವಾ ಅದರ ನಂತರದ ಆವೃತ್ತಿಯೊಂದಿಗೆ ಮಾರುಕಟ್ಟೆಗೆ ಬಂದ ಟ್ಯಾಬ್‌ಗಳಲ್ಲಿ ಮಾಹಿತಿಯು ಗೂಢಲಿಪಿಯಲ್ಲಿ ಉಳಿಯುವುದು ಕಡ್ಡಾಯ. ರೀಸೆಟ್ ಮಾಡಿದಾಗ ಅದರ ಕೀಲಿಯೇ ನಾಶವಾಗುವುದರಿಂದ ಹಿಂದಿನದನ್ನು ಯಾರೂ ಓದಲಾರರು. ನಿಮ್ಮದು ಅದಕ್ಕಿಂತ ಹಳೆಯದಾದರೆ ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ವಿಭಾಗದಲ್ಲಿ ‘ಎನ್‌ಕ್ರಿಪ್ಟ್’ ಆಯ್ಕೆ ಇದೆಯೇ ನೋಡಿ, ಇದ್ದರೆ ಮೊದಲು ಅದನ್ನು ಮುಗಿಸಿ ಬಳಿಕ ರೀಸೆಟ್ ಮಾಡಿ. ಇದನ್ನು ಅಂಗಡಿಯವರಿಗೆ ಒಪ್ಪಿಸಬೇಡಿ. ಮನೆಯಲ್ಲಿ ನೀವೇ ಮಾಡಿ, ಭಾಷೆ ಆರಿಸುವ ಮೊದಲ ಪರದೆ ಬಂದುದನ್ನು ಕಣ್ಣಾರೆ ನೋಡಿದ ಮೇಲೆ ಟ್ಯಾಬನ್ನು ಅಂಗಡಿಗೆ ಒಯ್ಯಿರಿ.